ಎಂಜಿನ್ ಲೈಟ್ ಹತ್ತಿತಾ? ಮೊದಲು ವೈರ್ ನೋಡಿ

ಜುಲೈ ಮಳೆಯಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೊರಟಿದ್ದೆ. ಚೇರಂಬಾಣೆ ಹತ್ತಿರ ಏರಿನಲ್ಲಿ ಕಾರು ಕೆಮ್ಮತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, 'ಕಾಯಿಲ್ ಹೋಗಿರಬೇಕು, ಹೊಸದು ಹಾಕೋಣ' ಎಂದರು. ಕಾಯಿಲ್ ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಭಾಗ. ಕಾರನ್ನು ನೋಡಿಯೇ ಇರಲಿಲ್ಲ!

ಲೈಟು ಒಂದೇ ಸಮ ಉರಿಯುತ್ತಿದ್ದು, ಕಾರು ಸರಿಯಾಗಿ ಓಡುತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಮಿನುಗುತ್ತಿದ್ದರೆ ಹುಷಾರು. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನು ಸುಟ್ಟುಹಾಕುತ್ತದೆ. ಅದು ತುಂಬ ದುಬಾರಿ ಭಾಗ. ಕಾರು ನಿಲ್ಲಿಸುವುದೇ ವಾಸಿ.

ಲೈಟು ಹತ್ತಿದಾಗ ಕಾರಿನ ಕಂಪ್ಯೂಟರ್ ತಪ್ಪು ಎಲ್ಲಿದೆ ಅಂತ ಒಂದು ಕೋಡ್ ಬರೆದಿಡುತ್ತದೆ. ಅದನ್ನು ಓದುವುದು ಸುಲಭ. 2013ರ ಏಪ್ರಿಲ್ ನಂತರದ ಬಿಎಸ್-4 (ಹೊಗೆ ಮಿತಿಯ ಮಾನದಂಡ) ಕಾರಾಗಲಿ, ಬಿಎಸ್-6 ಆಗಲಿ, ಸ್ಟೀರಿಂಗ್ ಕೆಳಗೆ ಕಾರಿನ ತಪ್ಪು ಓದಲು 16 ಪಿನ್‌ನ ಒಬಿಡಿ ಸಾಕೆಟ್ ಇರುತ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಕೀ ಆನ್ ಮಾಡಿ, ಮೊಬೈಲ್ ಆ್ಯಪ್ ತೆರೆಯಿರಿ. ಕೋಡ್ ಪಿ ಅಕ್ಷರದಿಂದ ಶುರುವಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್, ಸಿ ಆದರೆ ಬ್ರೇಕ್ ಕಡೆ, ಬಿ ಆದರೆ ಬಾಡಿ, ಯು ಆದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ಕೆಟ್ಟಿದೆ ಅಂತ. ಏನೇ ಬರಲಿ, ಅಳಿಸುವ ಮೊದಲು ಫೋಟೊ ತೆಗೆದಿಡಿ. ತಪ್ಪು ಆದಾಗ ವೇಗ, ಶಾಖ ಎಷ್ಟಿತ್ತು ಎನ್ನುವ ಫ್ರೀಜ್ ಫ್ರೇಮ್ ಕೂಡ ಅಲ್ಲೇ ಇರುತ್ತದೆ. ಸುಮ್ನೆ ಬ್ಯಾಟರಿ ಬಿಚ್ಚಿದರೆ ಅದೂ ಅಳಿಸಿಹೋಗಬಹುದು.

ನನಗೆ ಬಂದದ್ದು ಪಿ0302. ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾಯಿಲ್ ಹೋಗಿದೆ ಅಂತ ಆ ಕೋಡ್ ಎಲ್ಲೂ ಹೇಳುವುದಿಲ್ಲ, ಗಮನಿಸಿ. ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು, ಎರಡನೇ ಕಾಯಿಲನ್ನು ಮೂರರ ಜಾಗಕ್ಕೆ, ಮೂರನೆಯದನ್ನು ಎರಡರ ಜಾಗಕ್ಕೆ ಹಾಕಿದೆ. ಕೋಡ್ ಅಳಿಸಿ ಒಂದು ಸುತ್ತು ಹೋಗಿಬಂದೆ. ಪಿ0303 ಬಂದಿದ್ದರೆ ತಪ್ಪು ಕಾಯಿಲ್‌ನದೇ. ಆದರೆ ಮತ್ತೆ ಪಿ0302! ಸ್ಪಾರ್ಕ್ ಪ್ಲಗ್ ಅದಲುಬದಲು ಮಾಡಿದರೂ ಅದೇ. ಆಮೇಲೆ ಟಾರ್ಚ್ ಹಿಡಿದು ಬಗ್ಗಿದೆ. ಎರಡನೇ ಕಾಯಿಲ್‌ಗೆ ಹೋಗುವ ವೈರಿನ ಸಿಪ್ಪೆ ಕಿತ್ತುಹೋಗಿ, ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಪಕ್ಕದಲ್ಲೇ ಇಲಿ ಹಿಕ್ಕೆ. ಅಷ್ಟರಲ್ಲಿ ಕಾಲಿಗೆ ಜಿಗಣೆ ಹತ್ತಿದ್ದು ಬೇರೆ.

ಮಳೆಗಾಲದಲ್ಲಿ ನಮ್ಮ ತೋಟದ ಶೆಡ್‌ಗಳಲ್ಲಿ ಇದು ಜಾಸ್ತಿ. ಬೆಚ್ಚಗಿನ ಎಂಜಿನ್, ಪಕ್ಕದಲ್ಲಿ ಸೌದೆ ರಾಶಿ. ಇಲಿಗೆ ಇನ್ನೇನು ಬೇಕು? ವೈರನ್ನು ಕಿಲುಬಿಲ್ಲದ ಕಡೆವರೆಗೆ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ಬರೀ ಟೇಪ್ ಸುತ್ತಿದರೆ ನಮ್ಮ ತೇವಕ್ಕೆ ಬಾಳುವುದಿಲ್ಲ. ಏರ್‌ಬ್ಯಾಗಿನ ಹಳದಿ ವೈರುಗಳನ್ನು ಮಾತ್ರ ಮುಟ್ಟಬೇಡಿ, ಅದು ಸರ್ವಿಸ್ ಸೆಂಟರ್ ಕೆಲಸ.

ಉಳಿದ ಕೋಡ್‌ಗಳಿಗೂ ಇದೇ ಬುದ್ಧಿ. ಪಿ0171 ಅಂದರೆ ಪೆಟ್ರೋಲಿಗೆ ಬೇಕಾದ್ದಕ್ಕಿಂತ ಗಾಳಿ ಜಾಸ್ತಿ. ಸೆನ್ಸರ್ ಕೊಳ್ಳುವ ಮೊದಲು ರಬ್ಬರ್ ಪೈಪ್ ಬಿರಿದಿದೆಯಾ ನೋಡಿ, 'ಸುಯ್' ಸದ್ದು ಕೇಳಿ. ಸಿ0035, ಜೊತೆಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಲೈಟ್ ಬಂದರೆ ಮುಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸರ್ ಕೆಸರು ತಿಂದಿರಬಹುದು, ತೊಳೆದು ನೋಡಿ. ಪಿ0420 ಅಂದರೆ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಅದರ ಜೊತೆ ಮಿಸ್‌ಫೈರ್ ಕೋಡ್ ಇದ್ದರೆ ಮೊದಲು ಮಿಸ್‌ಫೈರ್ ಸರಿಮಾಡಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ ಎರಡು ಮೂರು ದಿನ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಇಲಿ ಓಡಿಸಲು ಕೆಲವರು ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ನಾನೂ ಕಟ್ಟಿದೆ. ಇಲಿ ಅದನ್ನೂ ಸೇರಿಸಿಯೇ ಗೂಡು ಕಟ್ಟಿತು. ಕೊನೆಗೆ ಸೌದೆ ರಾಶಿಯನ್ನೇ ಶೆಡ್‌ನಿಂದ ಆಚೆ ಹಾಕಿಸಿದೆ.