ಬೋಟಿಗೆ ಬಣ್ಣ ಹೊಡೆಸಿದೆ: ದುಡ್ಡು ಹೋಗಿದ್ದು ಎಲ್ಲಿಗೆ?

ನನ್ನದು 9 ಮೀಟರ್ ಉದ್ದದ ಫೈಬರ್‌ಗ್ಲಾಸ್ ಪವರ್‌ಬೋಟ್. ಅದಕ್ಕೆ ಬಣ್ಣ ಹೊಡೆಸಬೇಕೆಂದು ಬೋಟು ರಿಪೇರಿ ಮಾಡುವ ಬೇರೆ ಬೇರೆ ಯಾರ್ಡ್‌ಗಳಿಂದ ಕೊಟೇಶನ್ ತರಿಸಿದೆ. ಎಲ್ಲಕ್ಕಿಂತ ಕಡಿಮೆ ಹೇಳಿದವರಿಗೂ ಜಾಸ್ತಿ ಹೇಳಿದವರಿಗೂ ಎರಡೂವರೆ ಪಟ್ಟು ವ್ಯತ್ಯಾಸ. ಬೋಟು ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಇಷ್ಟು ಅಂತರ ಎಲ್ಲಿಂದ ಬಂತು ಅಂತ ಒಂದೊಂದು ಬಾಬ್ತನ್ನೂ ಬಿಡಿಸಿ ನೋಡಿದೆ. ಆಮೇಲೆಯೇ ಯಾರಿಗೆ ಕೆಲಸ ಕೊಡುವುದು ಅಂತ ನಿರ್ಧರಿಸಿದ್ದು. ಬಣ್ಣ ಹೊಡೆಸುವ ಯೋಚನೆ ಇರುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನಿಜವಾಗಿ ಬಣ್ಣ ಬೇಕಾ ಅನ್ನುವುದು. ಫೈಬರ್‌ಗ್ಲಾಸ್ ಬೋಟಿನ ಹೊರಮೈಯಲ್ಲಿ ಜೆಲ್‌ಕೋಟ್ ಅನ್ನುವ ಹೊಳಪಿನ ಗಟ್ಟಿ ಪದರ ಇರುತ್ತದೆ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬಿಸಿಲಿಗೆ ಅದು ಮಂಕಾಗುತ್ತದೆ, ಬೆರಳಿಂದ ಸವರಿದರೆ ಬಿಳಿ ಪುಡಿ ಅಂಟುತ್ತದೆ. ಅಷ್ಟಕ್ಕೇ ಬಣ್ಣ ಹೊಡೆಸಬೇಕಾಗಿಲ್ಲ. ಒಂದು ಅಂಗೈ ಅಗಲ ಜಾಗವನ್ನು ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಪಾಲಿಶ್ ಮಾಡಿ ನೋಡಬೇಕು. ಹೊಳಪು ಬಂದರೆ, ಬಂದು ನಿಂತರೆ, ಬಣ್ಣದ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ನನ್ನ ಬೋಟಿನಲ್ಲಿ ಹಿಂದಿನ ಮಾಲೀಕರು ಇದನ್ನೇ ಮಾಡಿಸಿ ಮಾಡಿಸಿ, ಮೂಲೆಗಳಲ್ಲಿ ಜೆಲ್‌ಕೋಟ್ ತೆಳುವಾಗಿ ಕೆಳಗಿನ ಪದರ ಕಾಣುತ್ತಿತ್ತು. ಇನ್ನು ಉಜ್ಜಲು ಏನೂ ಉಳಿದಿರಲಿಲ್ಲ.

ಯಾರ್ಡಿನವರು ಸಾಮಾನ್ಯವಾಗಿ ಅಡಿಗಿಷ್ಟು ಅಂತ ರೇಟು ಹೇಳುತ್ತಾರೆ. ಫೋನಿನಲ್ಲಿ ಒಂದು ಅಂದಾಜು ಸಿಗಲು ಅದು ಸಾಕು, ಆದರೆ ಅದನ್ನು ನಂಬಿ ಕೂರಬಾರದು. ಒಂದೇ ಉದ್ದದ ಎರಡು ಬೋಟುಗಳಲ್ಲಿ ಒಂದರ ಪಕ್ಕದ ಗೋಡೆ ನೀರಿನಿಂದ ಮೊಣಕಾಲೆತ್ತರ ಇರಬಹುದು, ಇನ್ನೊಂದರದ್ದು ಎದೆಯೆತ್ತರ ಇರಬಹುದು. ಎರಡಕ್ಕೂ ಒಂದೇ ಖರ್ಚು ಹೇಗಾಗುತ್ತದೆ? ಸರಿಯಾದ ಲೆಕ್ಕ ಹೀಗೆ: ಉದ್ದಕ್ಕೆ ಅಗಲ ಕೂಡಿಸಿ, ಎರಡರಿಂದ ಗುಣಿಸಿ, ನೀರಿನ ಗೆರೆಯಿಂದ ಮೇಲಿನ ಸರಾಸರಿ ಎತ್ತರದಿಂದ ಮತ್ತೆ ಗುಣಿಸಬೇಕು. ನನ್ನದು 9 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಎತ್ತರ. ಹತ್ತಿರ ಹತ್ತಿರ 29 ಚದರ ಮೀಟರ್ ಆಯಿತು. ಈ ಸಂಖ್ಯೆ ಕೈಯಲ್ಲಿಟ್ಟುಕೊಂಡು ಮಾತಿಗೆ ಕೂತರೆ ಪೇಂಟರ್ ಕೂಡ ಬೇರೆ ರೀತಿಯಲ್ಲೇ ಮಾತಾಡುತ್ತಾರೆ.

ಇದೇ ಸಂಖ್ಯೆಯಿಂದ ಬಣ್ಣ ಎಷ್ಟು ಬೇಕು ಅಂತಲೂ ತಿಳಿಯುತ್ತದೆ. ಬಣ್ಣದಲ್ಲಿ ಅರ್ಧ ಪಾಲು ಆರಿದ ಮೇಲೂ ಉಳಿಯುವಂಥದ್ದು ಅಂತ ಇಟ್ಟುಕೊಳ್ಳಿ. ಒಂದು ಲೀಟರ್ ಬಣ್ಣ 50 ಮೈಕ್ರಾನ್ ದಪ್ಪಕ್ಕೆ 10 ಚದರ ಮೀಟರಿಗೆ ಬರುತ್ತದೆ. ಹಾಗಾದರೆ ನನಗೆ ಬೇಕಾಗಿದ್ದು ಸುಮಾರು 3 ಲೀಟರ್. ಸ್ಪ್ರೇಯಲ್ಲಿ ಅರ್ಧ ಗಾಳಿಗೆ ಹೋಯಿತು ಅಂದರೂ 6 ಲೀಟರ್. ಪ್ರೈಮರ್ ಬೇರೆ, ಥಿನ್ನರ್ ಬೇರೆ, ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಬೇರೆ. ಎಲ್ಲಾ ಸೇರಿಸಿದರೂ ನನ್ನ ಬಿಲ್ಲಿನಲ್ಲಿ ಸಾಮಾನಿನ ಖರ್ಚು ಐದನೇ ಒಂದು ಪಾಲು ದಾಟಲಿಲ್ಲ. ಉಳಿದದ್ದರಲ್ಲಿ ಬಹುಪಾಲು ಜನರ ಕೈಕೆಲಸ, ಅದರಲ್ಲೂ ಬಣ್ಣದ ಡಬ್ಬಿ ತೆರೆಯುವ ಮುಂಚಿನ ಕೆಲಸ.

ಆ ಕೆಲಸ ಏನು ಅಂತ ಹತ್ತಿರ ನಿಂತು ನೋಡಿದೆ. ಮೊದಲು ಮೈಮೇಲಿನ ಮೇಣ ತೆಗೆಯಬೇಕು. ಒಂದು ಬಟ್ಟೆಯಲ್ಲಿ ಸಾಲ್ವೆಂಟ್ ಸವರಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸುತ್ತಾ ಹೋಗುತ್ತಾರೆ. ಈ ಕೆಲಸ ಆಗದೆ ಯಾರೂ ಸ್ಯಾಂಡ್‌ಪೇಪರ್ ಮುಟ್ಟುವುದಿಲ್ಲ. ಮೊದಲೇ ಉಜ್ಜಿಬಿಟ್ಟರೆ ಮೇಣ, ಸಿಲಿಕಾನ್ ಎಲ್ಲಾ ಗೀರುಗಳೊಳಗೆ ಇಳಿದು ಕೂರುತ್ತವೆ, ಆಮೇಲೆ ಬಣ್ಣ ಆ ಜಾಗದಿಂದ ಸರಿದು ಗುಂಡಗುಂಡಗೆ ತೂತು ಬಿಡುತ್ತದೆ. ನಂತರ ಬಿರುಕುಗಳ ಸರದಿ. ಹಗ್ಗ ಕಟ್ಟುವ ಕೊಕ್ಕೆಗಳ, ಅಂದರೆ ಕ್ಲೀಟ್‌ಗಳ, ಸುತ್ತ ಕೂದಲೆಳೆಯಂಥ ಬಿರುಕುಗಳಿದ್ದವು. ಅವುಗಳ ಮೇಲೆ ಸುಮ್ನೆ ಪುಟ್ಟಿ ಬಳಿದರೆ ಸ್ವಲ್ಪ ಕಾಲದಲ್ಲೇ ಮತ್ತೆ ಮೇಲೆ ಬರುತ್ತವೆ. ಬುಡದವರೆಗೆ ಕೊರೆದು, ಅಗಲ ಮಾಡಿ, ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮೈ ಸಮ ಮಾಡುವ ಕೆಲಸ. ದಪ್ಪಗೆ ಕೂರುವ ಹೈ ಬಿಲ್ಡ್ ಪ್ರೈಮರ್ ಹೊಡೆದು, ಅದು ಗಟ್ಟಿಯಾದ ಮೇಲೆ ಕಪ್ಪು ಪುಡಿಯನ್ನು ತೆಳ್ಳಗೆ ಇಡೀ ಪಕ್ಕಕ್ಕೆ ಸವರಿದರು. ಇದಕ್ಕೆ ಗೈಡ್ ಕೋಟ್ ಅನ್ನುತ್ತಾರೆ. ಆಮೇಲೆ ತೋಳುದ್ದದ ಬಾಗುವ ಪಟ್ಟಿಗೆ ಸ್ಯಾಂಡ್‌ಪೇಪರ್ ಅಂಟಿಸಿ, ಎರಡೂ ಕೈಯಲ್ಲಿ ಹಿಡಿದು, ಓರೆಯಾಗಿ ಉಜ್ಜುತ್ತಾ ಹೋದರು. ಉಬ್ಬಿದ ಕಡೆ ಕಪ್ಪು ಕೂಡಲೇ ಹೋಗುತ್ತದೆ. ತಗ್ಗಿದ್ದಲ್ಲಿ ಉಳಿಯುತ್ತದೆ. ಬೋಟಿನ ಎಡಮಗ್ಗುಲಲ್ಲಿ, ನನ್ನ ಕಣ್ಣಿಗೆ ಕನ್ನಡಿಯಷ್ಟು ಸಮ ಅನ್ನಿಸಿದ್ದ ಜಾಗದಲ್ಲಿ, ತಟ್ಟೆಯಗಲದ ಕಪ್ಪು ಕಲೆ ಹಾಗೇ ನಿಂತಿತ್ತು. ಅಲ್ಲಿ ಪುಟ್ಟಿ ತುಂಬಿ, ಮತ್ತೆ ಪ್ರೈಮರ್, ಮತ್ತೆ ಪುಡಿ, ಮತ್ತೆ ಉಜ್ಜು. 80 ನಂಬರಿನ ಪೇಪರಿನಿಂದ ಶುರುವಾಗಿ 150, 220, ಕೊನೆಗೆ 320 ದಾಟುವವರೆಗೆ. ಈ ಸುತ್ತು ಎಷ್ಟು ಸಲ ಅನ್ನುವುದರ ಮೇಲೆಯೇ ಕೊಟೇಶನ್ನುಗಳ ಅಂತರ ನಿಂತಿತ್ತು. ಕಡಿಮೆ ಹೇಳಿದವರ ಕಾಗದದಲ್ಲಿ "ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ" ಅಂತ ಒಂದೇ ಸಾಲು. ನಾನು ಆರಿಸಿದವರ ಕಾಗದದಲ್ಲಿ ಇದೇ ಕೆಲಸಕ್ಕೆ ಪೂರ್ತಿ ಒಂದು ಪುಟ.

ಎಷ್ಟು ಸಮ ಬೇಕು ಅನ್ನುವುದನ್ನು ನೀವು ಆರಿಸುವ ಬಣ್ಣವೂ ತೀರ್ಮಾನಿಸುತ್ತದೆ. ಕಡುನೀಲಿ, ಕಪ್ಪು ಬೋಟುಗಳು ನೋಡಲು ಚಂದ, ನನಗೂ ಆಸೆಯಿತ್ತು. ಆದರೆ ಗಾಢ ಹೊಳಪಿನಲ್ಲಿ ಸಣ್ಣ ಅಲೆಯೂ ಎದ್ದು ಕಾಣುತ್ತದೆ. ಬಿಸಿಲಿಗೆ ಮೈ ಕಾದು, ಒಳಗಿನ ಫೈಬರ್ ನೇಯ್ಗೆಯ ಗುರುತು ಮೇಲೆ ಮೂಡುವುದೂ ಉಂಟು. ಕೆಂಪು, ಹಳದಿಯಂಥವು ಕೆಳಗಿನದನ್ನು ಸರಿಯಾಗಿ ಮುಚ್ಚುವುದಿಲ್ಲ, ಒಂದೆರಡು ಕೋಟ್ ಜಾಸ್ತಿ ಬೇಕಾಗುತ್ತದೆ. ನಾನು ತಿಳಿಬಿಳಿಗೆ ಹೋದೆ. ಅದರಿಂದ ಉಜ್ಜುವ ಕೆಲಸದಲ್ಲಿ ಉಳಿದದ್ದು ಬಣ್ಣದ ಬೆಲೆಯಲ್ಲಿ ಉಳಿಯಬಹುದಾಗಿದ್ದಕ್ಕಿಂತ ಎಷ್ಟೋ ಜಾಸ್ತಿ.

ಹೊಡೆಸಿದ್ದು ಪಾಲಿಯುರೆಥೇನ್ ಜಾತಿಯ ಬಣ್ಣ, ಎರಡು ಭಾಗವನ್ನು ಕಲಸಿ ಹೊಡೆಯುವಂಥದ್ದು. ಅದರಲ್ಲೂ ಎರಡು ಬಗೆ. ಆಲ್‌ಗ್ರಿಪ್ ತರಹದ ಪಾಲಿಯೆಸ್ಟರ್ ಬಗೆ ಗಟ್ಟಿ, ಹೊಳಪು ತುಂಬಾ ಕಾಲ ನಿಲ್ಲುತ್ತದೆ, ಆದರೆ ಎಲ್ಲಾದರೂ ತರಚಿದರೆ ಅಷ್ಟು ಜಾಗವನ್ನು ಮಾತ್ರ ಸರಿಮಾಡಿ ಪಾಲಿಶ್‌ನಲ್ಲಿ ಬೆರೆಸುವುದು ಕಷ್ಟ. ಆಲ್‌ಕ್ರಾಫ್ಟ್ 2000 ತರಹದ ಅಕ್ರಿಲಿಕ್ ಬಗೆ ಸ್ವಲ್ಪ ಮೆದು, ಆದರೆ ತೇಪೆ ಹಾಕಿ ಉಜ್ಜಿದರೆ ಗೊತ್ತಾಗುವುದಿಲ್ಲ. ನನ್ನ ಬೋಟು ಆಗಾಗ ಕಟ್ಟೆಗೆ ಒರಗುತ್ತದೆ. ಎರಡನೆಯದನ್ನೇ ಆರಿಸಿಕೊಂಡೆ.

ಇವನ್ನು ಸ್ಪ್ರೇ ಮಾಡುವಾಗ ಹಾರ್ಡನರಿನಲ್ಲಿರುವ ಐಸೋಸಯನೇಟ್ ಗಾಳಿಗೆ ಸೇರುತ್ತದೆ. ಅದು ಆಸ್ತಮಾ ತರಿಸುವಂಥದ್ದು, ಒಮ್ಮೆ ಮೈಗೆ ಹಿಡಿಯದಂತಾದರೆ ಆಮೇಲೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಹೊರಗಿನಿಂದ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ, ಮೈಮುಚ್ಚುವ ಬಟ್ಟೆ, ಗಾಳಿ ಎಳೆದು ಸೋಸುವ ಶೆಡ್ಡು, ಎಲ್ಲಾ ಬೇಕು. ಇದರ ಖರ್ಚು ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಇಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ. ಮಾಮೂಲಿ ಧೂಳಿನ ಮಾಸ್ಕ್ ಹಾಕಿಕೊಂಡು ಸ್ಪ್ರೇ ಮಾಡುತ್ತೇವೆ ಅಂದವರ ಕೊಟೇಶನ್ ಅಲ್ಲಿಗೇ ಬಿಟ್ಟೆ. ನನ್ನ ಬೋಟು ಹೊಳೆಯಲಿ ಅಂತ ಇನ್ನೊಬ್ಬರ ಶ್ವಾಸಕೋಶ ಹಾಳಾಗಬಾರದು, ಅಲ್ವಾ?

ಸ್ಪ್ರೇ ಬೇಡ ಅಂದರೆ ರೋಲರಿನಲ್ಲಿ ಹಚ್ಚಿ, ಹಿಂದೆಯೇ ಇನ್ನೊಬ್ಬರು ಒಳ್ಳೆ ಬ್ರಶ್ಶಿನ ತುದಿಯಿಂದ ಸವರುತ್ತಾ ಬರುವ ಪದ್ಧತಿ ಇದೆ. ಶೆಡ್ಡಿನ ಖರ್ಚು, ಸುತ್ತ ಮುಚ್ಚುವ ಖರ್ಚು ಇಳಿಯುತ್ತದೆ. ಪಳಗಿದ ಕೈಯಾದರೆ ಸ್ವಲ್ಪ ದೂರದಿಂದ ವ್ಯತ್ಯಾಸ ತಿಳಿಯದು. ಕಡಿಮೆ ಖರ್ಚಿನಲ್ಲಿ ಮರ್ಯಾದೆಯ ಕೆಲಸ ಬೇಕಿದ್ದವರು ಇದನ್ನು ಖಂಡಿತ ವಿಚಾರಿಸಬೇಕು.

ನಾನೇ ಮಾಡಿದ್ದು ಬಿಚ್ಚುವ ಕೆಲಸ. ರೇಲಿಂಗ್, ಕ್ಲೀಟ್, ದೀಪಗಳು, ಸುತ್ತಿನ ರಬ್ಬರ್ ಪಟ್ಟಿ, ಹಳೆಯ ಸ್ಟಿಕ್ಕರ್ ಅಕ್ಷರಗಳು, ಎಲ್ಲವನ್ನೂ ತೆಗೆದು, ಫೋಟೋ ಹಿಡಿದು, ಸ್ಕ್ರೂ ಸಮೇತ ಒಂದೊಂದು ಚೀಲದಲ್ಲಿ ಹೆಸರು ಬರೆದಿಟ್ಟೆ. ಇದಕ್ಕೆ ಕೌಶಲಕ್ಕಿಂತ ತಾಳ್ಮೆ ಬೇಕು, ಯಾರ್ಡಿಗೆ ಗಂಟೆ ಲೆಕ್ಕದಲ್ಲಿ ಕೊಡುವ ದುಡ್ಡು ಉಳಿಯುತ್ತದೆ. ಬಿಚ್ಚದೆ ಸುತ್ತ ಟೇಪ್ ಹಾಕಿ ಬಣ್ಣ ಹೊಡೆದರೆ ಆ ಅಂಚಿನಲ್ಲೇ ಮೊದಲು ಏಳುತ್ತದೆ. ವಾಪಸ್ ಕೂರಿಸುವಾಗ ಹೊಸ ಸೀಲೆಂಟ್ ಹಾಕಲೇಬೇಕು, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಉಜ್ಜುವ ಕೆಲಸವನ್ನು ಮಾತ್ರ ಕೈಗೆತ್ತಿಕೊಳ್ಳಲಿಲ್ಲ. ನಾನು ಉಜ್ಜಿದ ಮೈಗೆ ಪೇಂಟರ್ ಹೊಣೆ ಹೊರುವುದಿಲ್ಲ, ಅದು ನ್ಯಾಯವೇ.

ಡೆಕ್ಕನ್ನು ಈ ಸಲ ಬಿಟ್ಟೆ. ಚದರ ಮೀಟರ್ ಲೆಕ್ಕದಲ್ಲಿ ಡೆಕ್ ಪಕ್ಕದ ಗೋಡೆಗಿಂತ ದುಬಾರಿ. ಕಾಲು ಜಾರದ ತರಿ ಮೈ ಒಂದು ಕಡೆ, ನುಣುಪು ಅಂಚು ಇನ್ನೊಂದು ಕಡೆ, ನಡುವೆ ಮುಚ್ಚಳಗಳು, ಮೂಲೆಗಳು. ಎರಡೆರಡು ಸಲ ಟೇಪ್ ಹಾಕಬೇಕು.

ಕೊಟೇಶನ್ನಿನಲ್ಲಿ ಕಾಣದ ಖರ್ಚುಗಳೂ ಇವೆ. ಬೋಟು ನೀರಿನಿಂದ ಎತ್ತಿ ಇಳಿಸುವುದು, ಸ್ಟ್ಯಾಂಡಿನ ಮೇಲೆ ನಿಂತಷ್ಟು ದಿನದ ಬಾಡಿಗೆ, ತ್ಯಾಜ್ಯ ವಿಲೇವಾರಿ, ಹೊಸ ಅಕ್ಷರಗಳು. ನೀರಿನ ಗೆರೆಯ ಕೆಳಗಿನದು ಬೇರೆಯೇ ವ್ಯವಹಾರ. ಈ ಹೊಳಪಿನ ಬಣ್ಣ ಸದಾ ನೀರಿನಲ್ಲಿ ಮುಳುಗಿರಲು ಆಗದು, ಗುಳ್ಳೆ ಬರುತ್ತದೆ. ಅಲ್ಲಿ ಎಪಾಕ್ಸಿ ಪದರ, ಅದರ ಮೇಲೆ ಪಾಚಿ, ಚಿಪ್ಪುಹುಳ ಅಂಟದ ಹಾಗೆ ತಡೆಯುವ ಆಂಟಿಫೌಲಿಂಗ್ ಬಣ್ಣ. ಹೇಗೂ ಬೋಟು ಮೇಲೆತ್ತಿದ್ದರಿಂದ ಅದನ್ನೂ ಇದೇ ಸಲ ಮಾಡಿಸಿದೆ, ಎತ್ತುವ ಖರ್ಚು ಎರಡಾಗಲಿಲ್ಲ.

ಹವೆಯೂ ದುಡ್ಡೇ. ಬೋಟಿನ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಹೊಡೆದ ರಾತ್ರಿ ತೇವ ಕೂತರೆ ಹೊಳಪು ಸತ್ತು ಮಬ್ಬಾಗುತ್ತದೆ. ತೆರೆದ ಯಾರ್ಡಿನಲ್ಲಿ ಒಳ್ಳೆಯ ದಿನಕ್ಕಾಗಿ ಕಾಯುತ್ತಾ ಕೂತರೆ ಬಾಡಿಗೆ ಏರುತ್ತಿರುತ್ತದೆ. ಮುಚ್ಚಿದ ಶೆಡ್ಡಿನವರು ಜಾಸ್ತಿ ಕೇಳಿದ್ದಕ್ಕೆ ಇದೂ ಒಂದು ಕಾರಣ.

ಕೆಲಸ ಶುರುವಾಗುವ ಮುಂಚೆ ಎಲ್ಲಾ ಬರೆಸಿಕೊಂಡೆ. ಯಾವ ಬಣ್ಣ, ಎಷ್ಟು ಕೋಟ್, ಯಾವ ಪ್ರೈಮರ್, ಬಿಚ್ಚುವುದು ಯಾರು, ಒಳಗೆ ಇನ್ನೇನಾದರೂ ದೋಷ ಸಿಕ್ಕರೆ ಗಂಟೆಗೆ ಎಷ್ಟು, ಅದಕ್ಕೆ ಮೊದಲು ನನ್ನನ್ನು ಕೇಳಬೇಕು. ದುಡ್ಡು ಕಂತಿನಲ್ಲಿ: ಶುರುವಿಗೆ ಒಂದಿಷ್ಟು, ಪ್ರೈಮರ್ ಮುಗಿದು ನಾನು ನೋಡಿದ ಮೇಲೆ ಒಂದಿಷ್ಟು, ಕೊನೆಯ ಕಂತು ಬೋಟನ್ನು ಬಿಸಿಲಿಗೆ ತಂದ ಮೇಲೆ. ಶೆಡ್ಡಿನ ದೀಪದಲ್ಲಿ ಎಲ್ಲವೂ ಚಂದವೇ ಕಾಣುತ್ತದೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದಾಗ ಹಿಂಭಾಗದ ಮೂಲೆಯಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇತ್ತು. ತೋರಿಸಿದೆ. ಪೇಂಟರ್ ವಾದ ಮಾಡಲಿಲ್ಲ, ಬಣ್ಣ ಪೂರ್ತಿ ಗಟ್ಟಿಯಾಗಲು ಬಿಟ್ಟು, ನುಣುಪು ಪೇಪರಿನಲ್ಲಿ ಉಜ್ಜಿ ಪಾಲಿಶ್ ಮಾಡಿ ಕೊಟ್ಟರು. ಅಕ್ರಿಲಿಕ್ ಬಗೆ ಆರಿಸಿದ್ದು ಅಲ್ಲೇ ಕೆಲಸಕ್ಕೆ ಬಂತು.

ಬಿಲ್ಲಿನ ಮೇಲೆ ಬಣ್ಣದ ಕೋಡ್, ಬ್ಯಾಚ್ ನಂಬರ್ ಬರೆಸಿಕೊಂಡಿದ್ದೇನೆ. ಮುಂದೆ ತೇಪೆ ಹಾಕಬೇಕಾದಾಗ ಅದಿಲ್ಲದಿದ್ದರೆ ಬಣ್ಣ ಹೊಂದಿಸುವುದಕ್ಕೇ ಅರ್ಧ ದಿನದ ಕೂಲಿ ಹೋಗುತ್ತದೆ. ಈಗ ಪ್ರತಿ ಸಲ ಓಡಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತೇನೆ, ಕಟ್ಟೆಗೆ ಉಜ್ಜದಂತೆ ಪಕ್ಕಕ್ಕೆ ನೇತುಹಾಕುವ ಫೆಂಡರುಗಳಿಗೆ ಬಟ್ಟೆಯ ಗವಸು ತೊಡಿಸಿದ್ದೇನೆ, ಉಜ್ಜುವ ಪುಡಿ ಇರುವ ಕ್ಲೀನರನ್ನು ಹತ್ತಿರ ಸೇರಿಸುವುದಿಲ್ಲ.