ಹಾಲ್ ಟಿಕೆಟ್‌ನ ಹಾಲ್‌ಗೂ ಹಸುವಿನ ಹಾಲಿಗೂ ಸಂಬಂಧವಿಲ್ಲ

'ಕಾಲ್ ಮಾಡ್ತೀನಿ' ಅಂದರೆ ದಾವಣಗೆರೆಯಲ್ಲಿ ಯಾರಿಗೂ ತೊಂದರೆ ಇಲ್ಲ. ಆದರೆ ಸಂಜೆ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ಹುಡುಗರು ಇಂಟರ್‌ವ್ಯೂ ಅಂದ ಕೂಡಲೇ ಗಾಬರಿಯಾಗಿ, ಬಾಯಿ ದುಂಡಗೆ ಮಾಡಿ 'ಕೋಲ್' ಅನ್ನುತ್ತಾರೆ. ಅದು ಕಲ್ಲಿದ್ದಲು! ಹೈಸ್ಕೂಲ್ ಮೈದಾನದ ಕ್ರಿಕೆಟ್ ಬಾಲ್ ಹೀಗೇ 'ಬೋಲ್' ಆಗಿ ಪಾಯಸದ ಬಟ್ಟಲಾಗುತ್ತದೆ.

ಇಂಗ್ಲಿಷಿನ ಕಾಲ್, ಬಾಲ್ ಪದಗಳಲ್ಲಿರುವ ಈ ಉದ್ದ ಸ್ವರ ಇರುವುದು 'ಆ' ಮತ್ತು 'ಓ' ನಡುವೆ. ಹಿಂದಿ, ಮರಾಠಿಯವರು ಇದಕ್ಕೆ ತಲೆ ಮೇಲೆ ಅರ್ಧಚಂದ್ರ ಇಟ್ಟು ಬರೆಯುತ್ತಾರೆ. ನಾವು ಕನ್ನಡದಲ್ಲಿ 'ಆ' ಬರೆದು ಸುಮ್ಮನಾಗುತ್ತೇವೆ. ಹಾಗಾಗಿ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಡುವ ಅಗ್ಗದ ಪುಸ್ತಕಗಳು ಈ ಕೆಲಸಕ್ಕೆ ದಂಡ.

ಮೊದಲು ಕೇಳಿ. ಫೋನಿನ ನಿಘಂಟಿನಲ್ಲಿ ಬ್ರಿಟಿಷ್ ದನಿಯನ್ನೇ ಆರಿಸಿ. ಅಮೆರಿಕದಲ್ಲಿ ಎಷ್ಟೋ ಜನ ಈ ಸ್ವರವನ್ನು 'ಆ' ಕಡೆಗೆ ಎಳೆಯುತ್ತಾರೆ, ಸುಮ್ನೆ ತಲೆ ಕೆಡುತ್ತದೆ.

ಆಮೇಲೆ ಕನ್ನಡಿ ಮುಂದೆ ನಿಲ್ಲಿ. ಎಲ್ಲರೂ ಎಡವುವುದು ಇಲ್ಲೇ. 'ಆ' ಅನ್ನಿ, ನಿಲ್ಲಿಸಬೇಡಿ. ದನಿ ಎಳೆಯುತ್ತಲೇ ತುಟಿಗಳನ್ನು ಮಾತ್ರ ನಿಧಾನವಾಗಿ ದುಂಡಗೆ ತನ್ನಿ. ತುಟಿ ದುಂಡಗಾದರೆ ದವಡೆಯೂ ಜೊತೆಗೇ ಮೇಲೆ ಹೊರಡುತ್ತದೆ, ಆಗ ಬರುವುದು ಬರೀ ಓ. ಅದಕ್ಕೇ ಗದ್ದದ ಮೇಲೆ ಬೆರಳಿಟ್ಟು ತಡೆಯಿರಿ. ಬಿಸಿ ಬೆಣ್ಣೆ ದೋಸೆ ಊದುವವರ ಹಾಗೆ ತುಟಿ ಚೂಪು ಮಾಡಬೇಡಿ. ಮಿರ್ಚಿ ತುದಿ ಕಚ್ಚುವಷ್ಟು ಸಂದು ಇರಲಿ. ಕೊನೆಗೆ 'ಉ' ಸೇರಿಸಿ ಲಾ ಕಾಲೇಜನ್ನು 'ಲೌ ಕಾಲೇಜು' ಮಾಡುವವರೂ ಇದ್ದಾರೆ. ಒಮ್ಮೆ ದುಂಡಗಾದ ತುಟಿ ಕೊನೆವರೆಗೂ ಹಾಗೇ ಇರಬೇಕು. ಏನು ಮಾಡಿದರೂ ಬರಲಿಲ್ವಾ? ಹಿಂದಿ ವಾರ್ತೆ ಓದುವವರ 'ಔರ್' ಕೇಳಿ. ಅವರ ಬಾಯಿಯ ಆ 'ಔ' ಎಳೆದರೆ ಮುಕ್ಕಾಲು ಕೆಲಸ ಆದಂತೆ.

ಸ್ವರ ಕೂತ ಮೇಲೆ ಲಾ, ಬಾಲ್, ಹಾಲ್ ಹೇಳಿ. ಟಾಕ್, ವಾಕ್‌ನಲ್ಲಿ ಎಲ್ ಬಾಯಿಗೆ ಬರಬಾರದು. ಕಾಲೇಜು, ಡಾಕ್ಟರ್ ಇದರಲ್ಲಿ ಬೆರೆಸಬೇಡಿ, ಇಂಗ್ಲಿಷಿನಲ್ಲಿ ಅವು ಗಿಡ್ಡ ಸ್ವರ.

ಕೊನೆಗೆ ಫೋನಿನ ವಾಯ್ಸ್ ಟೈಪಿಂಗ್‌ಗೆ ಒಂಟಿ ಪದ ಹೇಳಿ ನೋಡಿ. ಇಡೀ ವಾಕ್ಯ ಹೇಳಿದರೆ ಅದು ಊಹೆ ಮಾಡಿ ಸರಿಯಾಗೇ ಬರೆದುಬಿಡುತ್ತದೆ, ನಿಮಗೆ ಬಂತು ಅಂತ ಖುಷಿಯಾಗುತ್ತದೆ. 'ಕಾಲ್' ಅಂದಾಗ ಕಲ್ಲಿದ್ದಲು ಬಂದರೆ ಮತ್ತೆ ಕನ್ನಡಿ ಮುಂದೆ.