ಸಿಎಫ್‌ಸಿ ಓಡುತ್ತಿದೆಯೇ? ಆರ್ಗಾನ್ ಸಿಲಿಂಡರ್ ಕೇಳಿ

ಸಿಎಫ್‌ಸಿ ಅಂದರೆ ಒಂದು ಕ್ಲಸ್ಟರಿನ ಸಣ್ಣ ಘಟಕಗಳು ಸರ್ಕಾರದ ಅನುದಾನ ಪಡೆದು, ಸೇರಿ ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರ. ಫೌಂಡ್ರಿ (ಲೋಹ ಎರಕದ) ಕ್ಲಸ್ಟರಿನ ಸಿಎಫ್‌ಸಿ ಮೌಲ್ಯಮಾಪನಕ್ಕೆ ಹೋದರೆ ಲಾಗ್‌ಬುಕ್ಕನ್ನು ನಾನು ಕೊನೆಗೆ ತೆರೆಯುತ್ತೇನೆ. ಮೊದಲು ಕೇಳುವುದು ಆರ್ಗಾನ್ ಗ್ಯಾಸ್ ಸಿಲಿಂಡರ್‌ಗಳು ಬಂದಿಳಿದ ಚಲನ್. ಉತ್ತರ ಕರ್ನಾಟಕದ ಒಂದು ಕ್ಲಸ್ಟರಿನಲ್ಲಿ ಇದನ್ನು ಶುರು ಮಾಡಿದಾಗ ಅಲ್ಲಿನ ಹಿರಿಯರೊಬ್ಬರು, ‘ಸಿಲಿಂಡರ್ ಎಣಿಸಿದ್ರ ಏನ್ ಗೊತ್ತಾಗ್ತದ್ರೀ ಸರ?’ ಎಂದಿದ್ದರು. ನನ್ನ ಜೊತೆಗಿದ್ದ ಸಲಹೆಗಾರರಿಗೂ ಅದೇ ಅನುಮಾನ.

ಅದಕ್ಕೂ ಮೊದಲು ಎಲ್ಲರಂತೆ ಪ್ರಶ್ನಾವಳಿ ಹಂಚಿದ್ದೆವು. ಕೇಂದ್ರ ನಡೆಸಲು ಘಟಕಗಳೇ ಕೂಡಿ ಕಟ್ಟುವ ಸಂಸ್ಥೆಗೆ (ಎಸ್‌ಪಿವಿ) ಆಗ ಕನಿಷ್ಠ 20 ಘಟಕ ಬೇಕಿತ್ತು, ಯಾರ ಪಾಲೂ ಶೇ 10 ಮೀರುವಂತಿರಲಿಲ್ಲ. ಹೀಗೆ ಸ್ವಂತ ದುಡ್ಡು ಹಾಕಿದವರನ್ನೇ ‘ಸೌಲಭ್ಯ ಹೇಗಿದೆ’ ಎಂದರೆ ಚೆನ್ನಾಗಿದೆ ಅನ್ನದೆ ಇನ್ನೇನು ಅಂದಾರು? ಹತ್ತಿರ ಹತ್ತಿರ ನಲವತ್ತು ಸಾವಿರ ಖರ್ಚಾಯಿತು, ಕೈಗೆ ಬಂದದ್ದು ಹೊಗಳಿಕೆ. ಕರೆಂಟ್ ಬಿಲ್ಲೂ ಕೈಕೊಟ್ಟಿತು. ಇಡೀ ಕಟ್ಟಡಕ್ಕೆ ಒಂದೇ ಮೀಟರ್. ಭಾಗಗಳನ್ನು ನಿಖರವಾಗಿ ಅಳೆಯುವ ಸಿಎಂಎಂ ಯಂತ್ರದ ಕೋಣೆಯನ್ನು 20 ಡಿಗ್ರಿಯಲ್ಲಿ ಇಡಲೇಬೇಕಾದ್ದರಿಂದ ಒಂದು ಜಾಬ್ ಬಾರದಿದ್ದರೂ ಎಸಿ ಕರೆಂಟ್ ತಿನ್ನುತ್ತಿತ್ತು. ಕೊನೆಗೆ ಓಡಿದ ಗಂಟೆ ಎಣಿಸುವ ಅವರ್ ಮೀಟರನ್ನು ಯಂತ್ರಕ್ಕೊಂದರಂತೆ ಕೂರಿಸಿದೆ. ಒಂದಕ್ಕೆ ಸಾವಿರದ ಆಸುಪಾಸು, ಪೂರ್ತಿ ನನ್ನ ಜೇಬಿನಿಂದ.

ಆರ್ಗಾನ್ ಲೆಕ್ಕ ಸರಳ. ಲೋಹದಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋಮೀಟರಿನಲ್ಲಿ ಸ್ಯಾಂಪಲಿಗೆ ಕೊಡುವ ಒಂದೊಂದು ಸ್ಪಾರ್ಕಿಗೂ (ಕಿಡಿಗೂ) ಈ ಗ್ಯಾಸ್ ಬೇಕು. 47 ಲೀಟರ್ ಸಿಲಿಂಡರಿನಲ್ಲಿರುವುದು ಸುಮಾರು 7 ಘನ ಮೀಟರ್. ಯಂತ್ರ ಸುಮ್ಮನಿದ್ದಾಗಲೂ ಹರಿಯುವ ಗ್ಯಾಸನ್ನು ಕಳೆಯಬೇಕು. ಅದಕ್ಕೆ ಶನಿವಾರ ಸಂಜೆ ಗೇಜ್ ಬರೆದುಕೊಂಡು ಸೋಮವಾರ ಬೆಳಿಗ್ಗೆ ಮತ್ತೆ ನೋಡುತ್ತಿದ್ದೆ. ಲಾಗ್‌ಬುಕ್ಕಿನಲ್ಲಿ ತಿಂಗಳಿಗೆ ಒಂಬೈನೂರರಷ್ಟು ಸ್ಯಾಂಪಲ್. ಸಿಲಿಂಡರ್ ಹೇಳಿದ್ದು ನಾನೂರು ದಾಟದು. ಅನುದಾನದ ಮುಂದಿನ ಕಂತಿಗೆ ಬಳಕೆಯ ಅಂಕಿ ತೋರಿಸಬೇಕಿತ್ತು, ತೋರಿಸಿದ್ದರು. ಮಾರ್ಚ್ ಕೊನೆಯ ಬಿಲ್‌ಗಳಲ್ಲಿ ಜೊಳ್ಳು ಯಾವುದು, ಕಾಳು ಯಾವುದು ಎಂದು ಹೇಳುವ ಗುರುತೊಂದಿದೆ. ಅದನ್ನು ಇಲ್ಲಿ ಬರೆಯಲಾರೆ, ಇನ್ನೂ ಕೆಲವು ಕೇಂದ್ರ ನೋಡುವುದಿದೆ.

ಬಳಕೆ ಕಡಿಮೆ ಎಂದು ಬರೆದು ಕೈತೊಳೆದುಕೊಳ್ಳುವ ಮನಸ್ಸಿರಲಿಲ್ಲ. ಬಿಲ್‌ಗಳನ್ನು ಸದಸ್ಯರು, ಹೊರಗಿನವರು, ಎರಡನೇ ಸಲ ಬಂದವರು ಎಂದು ಬೇರ್ಪಡಿಸಿದೆ. ಹೊರಗಿನ ಸಣ್ಣ ಫೌಂಡ್ರಿಯವರು ಒಮ್ಮೆ ಬಂದವರು ಮತ್ತೆ ಬಂದೇ ಇರಲಿಲ್ಲ. ಯಾಕೆಂದು ತಿಳಿಯಲು ರಾತ್ರಿ ಅವರ ಫರ್ನೇಸ್ ಹತ್ತಿರ ನಿಲ್ಲಬೇಕಾಯಿತು. ರಾತ್ರಿ ಹತ್ತರ ನಂತರ ಕರೆಂಟ್ ದರದಲ್ಲಿ ರಿಯಾಯಿತಿ ಸಿಗುತ್ತಿದ್ದುದರಿಂದ ಅವರು ಲೋಹ ಕರಗಿಸುತ್ತಿದ್ದುದು ಆಗಲೇ. ಲ್ಯಾಬ್ ಸಂಜೆ ಆರಕ್ಕೆ ಬಾಗಿಲು ಹಾಕುತ್ತಿತ್ತು! ಕರಗಿದ ಲೋಹವನ್ನು ಹಿಡಿದಿಟ್ಟಷ್ಟೂ ಕರೆಂಟು ಸುಡುತ್ತದೆ, ಕಾಂಪೊಸಿಶನ್ನೂ (ಧಾತುಗಳ ಪ್ರಮಾಣವೂ) ಜಾರುತ್ತದೆ. ಮರುದಿನ ಮಧ್ಯಾಹ್ನ ಬರುವ ರಿಪೋರ್ಟ್ ಸರ್ಟಿಫಿಕೇಟಿಗೆ ಸರಿ, ಲೋಹ ಸುರಿಯುವವನಿಗೆ ಬೇಡ.

ನಡುವೆ, ಎರಕದ ಅಚ್ಚಿಗೆ ಬಳಸಿದ ಮರಳನ್ನು ಮರುಬಳಕೆಗೆ ಸಿದ್ಧ ಮಾಡುವ ಸಿಎಫ್‌ಸಿಯ ರಿಕ್ಲಮೇಶನ್ ಪ್ಲಾಂಟಿನ ಬೆನ್ನೂ ಹತ್ತಿದ್ದೆ. ವೇ-ಬ್ರಿಡ್ಜ್ ಚೀಟಿ ನೋಡಿದೆ, ಚಹಾದಂಗಡಿಯಲ್ಲಿ ಟೆಂಪೊ ಚಾಲಕರನ್ನು ಮಾತಾಡಿಸಿದೆ. ಸುಟ್ಟ ಮರಳು ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಮಾಲೀಕರಿಗೂ ಗೊತ್ತಿಲ್ಲ. ಅಂದಾಜು ಮೂರನೇ ಒಂದು ಪಾಲು ಮಾತ್ರ ಪ್ಲಾಂಟಿಗೆ, ಉಳಿದದ್ದು ಹಳ್ಳದ ದಂಡೆಗೆ. ಸಣ್ಣವರ ಮರಳಿನಲ್ಲಿ ಗ್ರೀನ್ ಸ್ಯಾಂಡೂ (ಬೆಂಟೋನೈಟ್ ಜೇಡಿ ಬೆರೆಸಿದ ಮರಳು) ರೆಸಿನ್ ಅಂಟಿನ ಮರಳೂ ಕೂಡಿರುತ್ತವೆ. ಮರಳನ್ನು ಕಾಯಿಸುವ ಈ ಥರ್ಮಲ್ ಪ್ಲಾಂಟ್ ರೆಸಿನ್ನನ್ನು ಸುಟ್ಟು ತೆಗೆಯುತ್ತದೆ, ಬೆಂಟೋನೈಟ್ ಮಾತ್ರ ಮರಳಿನ ಕಾಳಿಗೆ ಬೆಂದು ಅಂಟುತ್ತದೆ. ರೆಸಿನ್ ಮರಳನ್ನೇ ಬಳಸುವ ದೊಡ್ಡ ನೋ-ಬೇಕ್ ಘಟಕಗಳನ್ನು ಮನಸ್ಸಿನಲ್ಲಿಟ್ಟು ಡಿಪಿಆರ್ (ಯೋಜನಾ ವರದಿ) ಬರೆದದ್ದರ ಫಲ ಅದು.

ನನ್ನ ವರದಿ ಚಿಕ್ಕದು, ಬೇಡಿಕೆ ಒಂದೇ: ವಾರದಲ್ಲಿ ಕೆಲವು ರಾತ್ರಿ ಲ್ಯಾಬ್ ತೆರೆದಿಡಿ, ಚಿಲ್ ಸ್ಯಾಂಪಲ್ (ಕರಗಿದ ಲೋಹವನ್ನು ಬೇಗ ತಣಿಸಿದ ತುಣುಕು) ಕೈಗೆ ಬಂದ ಹತ್ತು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಫಲಿತಾಂಶ ಕಳಿಸಿ. ತಂತ್ರಜ್ಞರೊಬ್ಬರ ಹೆಚ್ಚುವರಿ ಸಂಬಳ ಸುಮಾರು ಇಪ್ಪತ್ತು ಸಾವಿರ. ಅಷ್ಟು ಗಿಟ್ಟುವುದಿಲ್ಲ ಎಂದು ಬೋರ್ಡಿನಲ್ಲಿ ಬಹಳ ಚರ್ಚೆಯಾಯಿತು, ಕೊನೆಗೆ ಒಪ್ಪಿದರು. ಆರು ತಿಂಗಳಿಗೆಲ್ಲ ಆರ್ಗಾನ್ ಖರ್ಚು ಹೆಚ್ಚುಕಡಿಮೆ ಇಮ್ಮಡಿ, ಹೊರಗಿನವರ ಬಿಲ್ ಹತ್ತರಲ್ಲೊಂದು ಇದ್ದದ್ದು ಮೂರರಲ್ಲೊಂದು. ಸಿಲಿಂಡರ್ ಬಗ್ಗೆ ಕೇಳಿದ್ದ ಹಿರಿಯರೇ ಈಗ ತಿಂಗಳ ಸಭೆಗೆ ಚಲನ್ ಹಿಡಿದು ಬರುತ್ತಾರೆ.

ಸದ್ಯ ಬೇರೊಂದು ಕ್ಲಸ್ಟರಿನ ಟೂಲ್ ರೂಮ್ (ಅಚ್ಚು, ಉಪಕರಣ ಮಾಡುವ ಕೇಂದ್ರ) ನೋಡುತ್ತಿದ್ದೇನೆ. ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಇಡಿಎಂ ಯಂತ್ರದ ಹಿತ್ತಾಳೆ ತಂತಿ ಒಮ್ಮೆ ಓಡಿದರೆ ಗುಜರಿಯೇ ಗತಿ, ಹಾಗಾಗಿ ಗುಜರಿಗೆ ಹಾಕಿದ ಕಿಲೋ ಹಿಡಿದರೆ ಯಂತ್ರ ಎಷ್ಟು ಗಂಟೆ ಓಡಿತು ಎಂಬುದು ಸಿಗುತ್ತದೆ. ಅಲ್ಲಿ ತಂತಿಯೂ ಲಾಗ್‌ಬುಕ್ಕೂ ಬಹುತೇಕ ತಾಳೆಯಾಗುತ್ತಿವೆ. ತೊಂದರೆ ಬೇರೆ: ಆಪರೇಟರ್ ಒಬ್ಬರೇ, ಅವರು ರಜೆ ಹಾಕಿದ ದಿನ ಯಂತ್ರಕ್ಕೂ ರಜೆ.